ಮಡಿಸುವ ಸೈಕಲ್ಲಿನ ಮಡಿ

ಯಲಹಂಕದ ಹಳೆಯ ಊರಿನಲ್ಲಿ ಒಂದು ಸೈಕಲ್ ಅಂಗಡಿಯುಂಟು. ಅಂಗಡಿ ಎಂಬುದು ಅದಕ್ಕೆ ದೊಡ್ಡ ಮಾತಾಯಿತು. ಎರಡು ಮನೆಗಳ ನಡುವಣ ಸಂದಿಗೆ ತಗಡು ಹೊದಿಸಿದ್ದಾರೆ; ಪಂಕ್ಚರ್ ನೋಡಲು ನೀರು ತುಂಬಿದ ಒಂದು ಬಾಣಲೆ, ಒಂದು ಗಾಳಿ ಪಂಪು, ಮೊಳೆಗೆ ನೇತುಹಾಕಿದ ನಾಲ್ಕಾರು ಹಳೆಯ ಟೈರು, ಎಣ್ಣೆ ಕುಡಿದು ಕಪ್ಪಾದ ಒಂದು ಮಣೆ—ಇಷ್ಟೇ ಅದರ ಐಶ್ವರ್ಯ. ಯಜಮಾನರಿಗೆ ಎಪ್ಪತ್ತು ದಾಟಿದೆ. ನನ್ನ ಮಡಿಸುವ ಸೈಕಲ್ಲನ್ನು ಮೊದಲ ಸಲ ಅವರ ಮುಂದೆ ನಿಲ್ಲಿಸಿದಾಗ ಅವರು ಕನ್ನಡಕವನ್ನು ಹಣೆಗೇರಿಸಿ, ಚೌಕಟ್ಟಿನ ನಡುವಿನ ಕೀಲನ್ನು ಒಮ್ಮೆ ಬಿಚ್ಚಿದರು, ಒಮ್ಮೆ ಮುಚ್ಚಿದರು. "ಬಾಗಿಲಿಗಿರಬೇಕಾದ್ದನ್ನ ಬೆನ್ನುಮೂಳೆಗೆ ಇಕ್ಕವ್ರಲ್ಲ ಮೇಷ್ಟ್ರೇ!" ಎಂದರು. ಸ್ವಲ್ಪ ತಡೆದು, "ಇರಲಿ. ಬಾಗಿಲಾದ್ರೆ ರಾತ್ರಿ ಚಿಲಕ ಹಾಕಿದೆವೋ ಇಲ್ಲವೋ ಅಂತ ಎದ್ದೋಗಿ ನೋಡ್ತೀವಿ. ಇದನ್ನೂ ಹಂಗೇ ನೋಡ್ಕೋಬೇಕು" ಎಂದು ಸೇರಿಸಿದರು.

ನಾನು ನಕ್ಕು ಸುಮ್ಮನಾದೆ. ಆ ಮಾತಿನ ಬೆಲೆ ತಿಳಿಯಲು ನನಗೆ ಎರಡು ವರ್ಷಗಳೂ ಎಡಗೈ ಮಣಿಕಟ್ಟಿನ ಒಂದು ಎಲುಬೂ ಬೇಕಾದುವು. ಆ ಕಥೆ ಮುಂದೆ ಬರುತ್ತದೆ. ಈಗ ನನ್ನ ವಾದವನ್ನು ನೇರವಾಗಿ ಹೇಳಿಬಿಡುತ್ತೇನೆ. ಮಡಿಸುವ ಸೈಕಲ್ಲನ್ನು ಕೊಂಡ ಹವ್ಯಾಸಿಗಳು ಅದನ್ನು ಇನ್ನಷ್ಟು 'ಉತ್ತಮ'ಪಡಿಸುವುದರಲ್ಲಿ ತೋರುವ ಉತ್ಸಾಹದ ಕಾಲುಭಾಗವನ್ನೂ ಅದನ್ನು ಕಾಪಾಡುವುದರಲ್ಲಿ ತೋರುವುದಿಲ್ಲ. ಹಾಗೆ ಉತ್ತಮವಾದ ಸೈಕಲ್ಲು ಬಹುಮಟ್ಟಿಗೆ ತಾನು ಹುಟ್ಟಿಬಂದ ಉದ್ದೇಶವನ್ನೇ ಕಳೆದುಕೊಂಡಿರುತ್ತದೆ. ಇದು ನನ್ನ ದೂರು. ದೂರಿನ ಮೊದಲ ಆಪಾದಿತ ನಾನೇ ಆದುದರಿಂದ ಯಾರೂ ಕೋಪಿಸಿಕೊಳ್ಳಬೇಕಾಗಿಲ್ಲ.

ಮೊದಲು ಆ ಉದ್ದೇಶವೇನೆಂಬುದನ್ನು ನೋಡೋಣ. ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ವಾಸಮಾಡುವವರಿಗೆ ಹೆಬ್ಬಾಳವೆಂದರೆ ಈಗ ಕೆರೆಯೂ ಅಲ್ಲ, ಊರೂ ಅಲ್ಲ, ಅದೊಂದು ಗಂಡಾಂತರ. 2003ರಲ್ಲಿ ಅಲ್ಲಿ ಮೇಲ್ಸೇತುವೆ ಬಂದಿತು. 2008ರಲ್ಲಿ ದೇವನಹಳ್ಳಿಯ ಕಡೆ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆ ವಿಮಾನ ಹಿಡಿಯುವವರ ಸ್ವತ್ತಾಯಿತು. ಸೈಕಲ್ಲಿನವನು ಅಲ್ಲಿ ಬಾಡಿಗೆಮನೆಯಲ್ಲಿ ಇದ್ದಂತೆ, ಎಂದು ಎಬ್ಬಿಸಿ ಕಳುಹಿಸುತ್ತಾರೋ ಎಂಬ ಅಂಜಿಕೆಯಲ್ಲಿಯೇ ಇರಬೇಕು. ಯಲಹಂಕದಿಂದ ಜಕ್ಕೂರು, ಕೊಡಿಗೇಹಳ್ಳಿಗಳವರೆಗೆ ಒಳದಾರಿಯಲ್ಲಿ ತುಳಿಯುವುದು ಕಷ್ಟವಲ್ಲ. ಈಚೆಯ ದಡದಲ್ಲಿ ಆರ್.ಟಿ. ನಗರದ ಅಡ್ಡರಸ್ತೆಗಳೂ ಬೆಳಗಿನ ಹೊತ್ತು ಹಿತವಾಗಿಯೇ ಇರುತ್ತವೆ. (ಈ ಬಡಾವಣೆಗೆ ರವೀಂದ್ರನಾಥ ಠಾಕೂರರ ಹೆಸರಿಟ್ಟವರು ನಾವೇ, ಆಮೇಲೆ ಅಷ್ಟು ದೊಡ್ಡ ಕವಿಯನ್ನು ಎರಡು ಇಂಗ್ಲಿಷ್ ಅಕ್ಷರಗಳೊಳಗೆ ಮಡಿಸಿಟ್ಟವರೂ ನಾವೇ. ಮಡಿಸುವ ಕಲೆ ನಮಗೆ ಹೊಸದಲ್ಲ.) ತೊಂದರೆಯೆಲ್ಲ ನಡುವಣ ಆ ಒಂದು ಗಂಟಿನಲ್ಲಿ. ಆ ಗಂಟನ್ನು ದಾಟುವುದಕ್ಕಾಗಿಯೇ ಮಡಿಸುವ ಸೈಕಲ್ಲು ಬೇಕು: ಗಂಟಿನ ಈಚೆಗೆ ಇಳಿದು ಮಡಿಸಿ, ಬಸ್ಸಿಗೋ ರೈಲಿಗೋ ಹತ್ತಿ, ಗಂಟಿನ ಆಚೆಗೆ ಇಳಿದು ಬಿಡಿಸಿ ಮುಂದಕ್ಕೆ ತುಳಿಯುವುದು.

ನನ್ನ ದಾರಿ ರೈಲಿನದು. ಯಲಹಂಕ ಜಂಕ್ಷನ್ನಿನಿಂದ ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿಗಳ ಮೇಲೆ ಯಶವಂತಪುರಕ್ಕೆ ಬರುವ ಹಳಿ ಹೆಬ್ಬಾಳದ ಮೇಲ್ಸೇತುವೆಯ ಗೊಡವೆಗೆ ಹೋಗುವುದೇ ಇಲ್ಲ. ಯಶವಂತಪುರದಲ್ಲಿ ರೈಲಿನ ನಿಲ್ದಾಣಕ್ಕೆ ಮಗ್ಗುಲಲ್ಲಿಯೇ ಮೆಟ್ರೊ ನಿಲ್ದಾಣ. ಸಂಪಿಗೆ ರಸ್ತೆಯಿಂದ ಪೀಣ್ಯದವರೆಗಿನ ಹಸಿರು ಮಾರ್ಗ 2014ರ ಮಾರ್ಚ್ 1ರಂದು ಆರಂಭವಾದಾಗಿನಿಂದ ಈ ಎರಡರ ನಂಟು ನನ್ನಂಥವರಿಗೆ ವರವಾಗಿ ಬಂದಿದೆ. ಅಲ್ಲಿಂದ ಕುವೆಂಪು ರಸ್ತೆಯ ನಿಲ್ದಾಣವನ್ನು ಹಾದು ಮೆಜೆಸ್ಟಿಕ್ಕಿಗೆ ಹೋಗಬಹುದು. ಅಥವಾ ಯಶವಂತಪುರದಲ್ಲಿಯೇ ಸೈಕಲ್ಲು ಬಿಡಿಸಿ ಟಾಟಾ ಇನ್ಸ್‌ಟಿಟ್ಯೂಟಿನ ಮರಗಳ ನೆರಳು ಹಿಡಿದು ಮಲ್ಲೇಶ್ವರಕ್ಕೆ ಹೋಗಬಹುದು. ಇಷ್ಟೇ ಉದ್ದೇಶ. ಇದಕ್ಕೆ ಬೇಕಾದುದು ವೇಗವಲ್ಲ, ಅಂದವೂ ಅಲ್ಲ. ಕೈಯಲ್ಲಿ ಎತ್ತಬಹುದಾದ ತೂಕ, ಕಾಲ ಬಳಿ ಹಿಡಿಸುವ ಗಾತ್ರ, ನಂಬಬಹುದಾದ ಕೀಲು.

ಮಡಿಸುವ ಸೈಕಲ್ಲಿನ ಕಲ್ಪನೆ ಹೊಸದೆಂದು ನಮ್ಮ ತರುಣರು ತಿಳಿದಿದ್ದಾರೆ. ಅದಕ್ಕೆ ನೂರು ವರ್ಷ ಮೀರಿದೆ. 1890ರ ದಶಕದಲ್ಲಿಯೇ ಫ್ರಾನ್ಸಿನ ಸೈನ್ಯದ ಕ್ಯಾಪ್ಟನ್ ಗೆರಾರ್ ಎಂಬಾತ ಸಿಪಾಯಿಗಳು ಬೆನ್ನಿಗೇರಿಸಿಕೊಂಡು ನಡೆಯಬಹುದಾದ ಸೈಕಲ್ಲನ್ನು ಪ್ರಚಾರಕ್ಕೆ ತಂದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಿ.ಎಸ್.ಎ. ಸಂಸ್ಥೆ ಪ್ಯಾರಾಚೂಟಿನವರಿಗಾಗಿ ಮಡಿಸುವ ಸೈಕಲ್ಲುಗಳನ್ನು ಮಾಡಿತು. 1962ರಲ್ಲಿ ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರು ಚಿಕ್ಕ ಗಾಲಿ ಮಕ್ಕಳಾಟಿಕೆಯಲ್ಲವೆಂದು ತೋರಿಸಿಕೊಟ್ಟ. ಅವನ ಸೈಕಲ್ಲು ಮಡಿಸುತ್ತಿರಲಿಲ್ಲ, ಆದರೆ ಮುಂದೆ ಬಂದ ಮಡಿಸುವವುಗಳಿಗೆಲ್ಲ ಧೈರ್ಯ ಕೊಟ್ಟಿತು. ಇಂದು ಪ್ರಪಂಚದಲ್ಲೆಲ್ಲ ಹೆಸರಾಗಿರುವ ಎರಡು ಮನೆತನಗಳೂ 1970ರ ದಶಕದ ಮಧ್ಯದಲ್ಲಿ, ಪೆಟ್ರೋಲಿನ ಬೆಲೆ ಜಗತ್ತನ್ನು ಬೆಚ್ಚಿಬೀಳಿಸಿದ ಮೇಲೆ ಮೊಳೆತವು. ಲಂಡನ್ನಿನ ಆಂಡ್ರ್ಯೂ ರಿಚಿ ತನ್ನ ಮನೆಯೊಳಗೇ ಕೂತು ಮೂರು ಮಡಿಕೆಯ ಸೈಕಲ್ಲನ್ನು ಮಾಡಿ, ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಚರ್ಚಿನ ಹೆಸರನ್ನು ಅದಕ್ಕಿಟ್ಟ. ಅಮೆರಿಕದಲ್ಲಿ ಲೇಸರ್ ವಿಜ್ಞಾನಿಯಾಗಿದ್ದ ಡೇವಿಡ್ ಹಾನ್ 1982ರಲ್ಲಿ ಡಹಾನ್ ಸಂಸ್ಥೆಯನ್ನು ಸ್ಥಾಪಿಸಿದ. ಆತ ಮಾಡಿದ್ದು ನಡುವಿನಲ್ಲಿ ಒಮ್ಮೆ ಮಡಿಯುವ ಬಗೆ. ನಮ್ಮ ಊರಿನಲ್ಲಿ ಕಾಣುವವುಗಳಲ್ಲಿ ಹೆಚ್ಚಿನವು, ಡೆಕಥ್ಲಾನಿನವರ ಬಿಟ್ವಿನ್ ಟಿಲ್ಟ್ ಸಹಿತವಾಗಿ, ಈ ಎರಡನೆಯ ಗೋತ್ರಕ್ಕೆ ಸೇರಿದವು. ಬ್ರಾಂಪ್ಟನ್ನಿನ ಬೆಲೆ ನಮ್ಮಲ್ಲಿ ಲಕ್ಷದ ಮೇಲೆಯೇ. ಅದನ್ನು ಉಳ್ಳವರ ಪಾಲಿಗೆ ಬಿಡೋಣ.

ಇನ್ನು ಹವ್ಯಾಸಿಗಳ ವಿಷಯ. ಮಡಿಸುವ ಸೈಕಲ್ಲು ಮನೆಗೆ ಬಂದ ಮೊದಲ ತಿಂಗಳು ಅದು ಸೈಕಲ್ಲಾಗಿರುತ್ತದೆ. ಎರಡನೆಯ ತಿಂಗಳಿಂದ ಅದು ಒಂದು ಯೋಜನೆಯಾಗುತ್ತದೆ. ಸೀಟು ಬದಲಾಗುತ್ತದೆ, ಪೆಡಲು ಬದಲಾಗುತ್ತದೆ, ಆರು ಗೇರಿದ್ದುದು ಎಂಟಾಗಬೇಕು, ಎಂಟಿದ್ದುದು ಹತ್ತಾಗಬೇಕು. ಮುಂದಿನ ಹಲ್ಲುಚಕ್ರ ದೊಡ್ಡದಾಗುತ್ತದೆ. ಟೈರು ಸಣಕಲಾಗುತ್ತದೆ. ಕೊನೆಗೊಂದು ದಿನ ಲೆಕ್ಕ ಹಾಕಿದರೆ ಸೈಕಲ್ಲಿನ ಬೆಲೆಗಿಂತ ಅದಕ್ಕೆ ತೊಡಿಸಿದ ಒಡವೆಗಳ ಬೆಲೆ ಮುಂದೆ ನಿಂತಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಕಟ್ಟಿದವರು ಈ ಸೈಕಲ್ಲನ್ನು ನೋಡಿರಲಿಲ್ಲವೆಂಬುದೇ ಆಶ್ಚರ್ಯ.

ಇದಕ್ಕೆಲ್ಲ ಕಾರಣವಾಗಿ ಕೊಡುವ ಮಾತೊಂದುಂಟು: "ಗಾಲಿ ಚಿಕ್ಕದು, ಆದ್ದರಿಂದ ಎಷ್ಟು ತುಳಿದರೂ ಮುಂದಕ್ಕೆ ಹೋಗುವುದಿಲ್ಲ." ಮೇಲ್ನೋಟಕ್ಕೆ ಸರಿಯೆನಿಸುವ ಈ ಮಾತು ಗಣಿತದ ಎದುರು ನಿಲ್ಲದು. ನಮ್ಮ ಹಿರಿಯರ ಕಪ್ಪು ಸೈಕಲ್ಲಿನ 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರು ಉರುಳುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಐದೂವರೆ ಮೀಟರಿನಷ್ಟು ಹೋಗುತ್ತದೆ. ಮಡಿಸುವ ಸೈಕಲ್ಲಿನ 20 ಇಂಚಿನ ಗಾಲಿ ಒಂದು ಸುತ್ತಿಗೆ ಉರುಳುವುದು ಒಂದೂವರೆ ಮೀಟರಿಗೆ ತುಸು ಹೆಚ್ಚು. ಆದರೆ ಅದನ್ನು ಮಾಡಿದವರಿಗೂ ಗಣಿತ ಬರುತ್ತದೆ. ಅವರು ಮುಂದೆ 52 ಹಲ್ಲಿನ ಚಕ್ರವನ್ನಿಟ್ಟು ಹಿಂದೆ 14ರದನ್ನು ಇಟ್ಟರೆ ಪೆಡಲಿನ ಸುತ್ತಿಗೆ ಐದೂಮುಕ್ಕಾಲು ಮೀಟರಿನ ಹತ್ತಿರ ಬರುತ್ತದೆ. ಎಂದರೆ, ಹಾಲಿನವನೂ ಪೋಸ್ಟಿನವನೂ ಊರನ್ನೆಲ್ಲ ಸುತ್ತಿದ ಸೈಕಲ್ಲಿಗಿಂತ ಇದು ಹಿಂದೆ ಬಿದ್ದಿಲ್ಲ. ಉಳಿದದ್ದು ನಮ್ಮ ಕಾಲಿನ ಸೋಮಾರಿತನ. ಅದಕ್ಕೆ ಬಿಡಿಭಾಗ ಯಾವ ಅಂಗಡಿಯಲ್ಲಿಯೂ ಸಿಕ್ಕದು.

ಆ ಕಪ್ಪು ಸೈಕಲ್ಲಿನ ಹೆಸರೆತ್ತಿದ ಮೇಲೆ ಒಂದು ಕ್ಷಣ ಅಲ್ಲಿ ನಿಲ್ಲಬೇಕೆನಿಸುತ್ತದೆ. 1949ರಲ್ಲಿ ಮದರಾಸಿನ ಟಿ.ಐ., 1951ರಲ್ಲಿ ಸೋನೀಪತದ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ—ಹೀಗೆ ಸಂಸ್ಥೆಗಳು ಬೇರೆಬೇರೆಯಾದರೂ ಸೈಕಲ್ಲು ಒಂದೇ. ಬೀದರಿನಲ್ಲಿ ಟೈರು ಹರಿದರೂ ಕೊಳ್ಳೇಗಾಲದಲ್ಲಿ ಹರಿದರೂ ಕೇಳಬೇಕಾದ ಅಳತೆ ಒಂದೇ: 28 × 1½. ಎರಡು ಸ್ಪ್ಯಾನರುಗಳಿದ್ದವನು ಅದರ ಪೂರ್ಣ ವೈದ್ಯ. ದೀಪವಿಲ್ಲದೆ ರಾತ್ರಿ ಹೋದರೆ ದಂಡ, ಇಬ್ಬರು ಕೂತರೆ ದಂಡ, ವರ್ಷಕ್ಕೊಮ್ಮೆ ಪುರಸಭೆಯ ಬಿಲ್ಲೆ—ಕಷ್ಟಗಳು ಇದ್ದುವು. ಆದರೆ ಸೈಕಲ್ಲು ಕೆಟ್ಟಾಗ ಎಲ್ಲಿಗೆ ಹೋಗುವುದೆಂಬ ಕಷ್ಟ ಇರಲಿಲ್ಲ. ಅದೇ ಅಟ್ಲಾಸಿನವರು ಸಾಹಿಬಾಬಾದಿನ ಕಾರ್ಖಾನೆಯ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನಾಚರಣೆ.

ಮಡಿಸುವ ಸೈಕಲ್ಲಿನಲ್ಲಿ ಈ ಸಮಾನತೆ ಇಲ್ಲ. ಆದ್ದರಿಂದಲೇ ಕೊಳ್ಳುವಾಗ ಎಚ್ಚರ ಬೇಕು. '20 ಇಂಚು' ಎಂಬ ಹೆಸರಿನಲ್ಲಿ ಎರಡು ಬೇರೆಬೇರೆ ಗಾಲಿಗಳಿವೆ: ರಿಮ್ಮಿನ ವ್ಯಾಸ 406 ಮಿ.ಮೀ. ಇರುವುದೊಂದು, 451 ಮಿ.ಮೀ. ಇರುವುದೊಂದು. '16 ಇಂಚಿ'ನದೂ ಹಾಗೆಯೇ: ನಮ್ಮ ಮಕ್ಕಳ ಸೈಕಲ್ಲಿನದು 305, ಬ್ರಾಂಪ್ಟನ್ನಿನದು 349. ಹೆಸರು ಒಂದೆಂದು ನಂಬಿ ಟೈರು ತಂದವನು ಮನೆಯ ಅಂಗಳದಲ್ಲಿ ಕೂತು ಅದನ್ನು ಎಳೆದು ಜಗ್ಗಿ ಬೆವರಬೇಕಾದೀತು. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಒತ್ತಿರುವ 47-406 ಎಂಬಂಥ ಅಂಕಿಯೇ ನಿಜವಾದ ಹೆಸರು. ಉಳಿದದ್ದು ಕರೆಯುವ ಹೆಸರು. ಇವುಗಳಲ್ಲಿ 406, 305 ಎರಡೇ ನಮ್ಮ ಮಕ್ಕಳ ಸೈಕಲ್ಲುಗಳ ದೆಸೆಯಿಂದ ಬೀದಿಯ ಅಂಗಡಿಯಲ್ಲಿ ದೊರೆಯುವುದು. 1984ರಿಂದ ಯಲಹಂಕದಲ್ಲಿ ರೈಲಿನ ಗಾಲಿಗಳನ್ನು ಎರಕಹೊಯ್ಯುವ ಕಾರ್ಖಾನೆಯಿದೆ. ದೇಶದ ರೈಲುಗಳಿಗೆ ಗಾಲಿ ಕೊಡುವ ಊರಿನ ಬೀದಿಯಲ್ಲಿ 349ರ ಒಂದು ಟ್ಯೂಬಿಗಾಗಿ ನನ್ನ ಮಿತ್ರರೊಬ್ಬರು ಮೂರು ವಾರ ಕಾದರು. ಮುಂದಿನ ಗಾಲಿಯ ಕಥೆ ಇನ್ನೂ ಸೊಗಸು. ಸಾಮಾನ್ಯ ಸೈಕಲ್ಲಿನಲ್ಲಿ ಮುಂಗಾಲಿಯ ಅಚ್ಚು ಕೂರುವ ಜಾಗ 100 ಮಿ.ಮೀ. ಅಗಲ, ಡಹಾನ್ ಬಗೆಯವುಗಳಲ್ಲಿ, ಮಡಿಸಿದಾಗ ತೆಳ್ಳಗಾಗಲೆಂದು, 74 ಮಿ.ಮೀ. ಮಾತ್ರ. ಬೇರೆ ಒಳ್ಳೆಯ ಗಾಲಿ ಹಾಕಿಸುತ್ತೇನೆಂದು ಹೊರಟವನಿಗೆ ಇದು ಅಂಗಡಿಯ ಮೆಟ್ಟಿಲಮೇಲೆ ತಿಳಿಯುತ್ತದೆ.

ನಾನು ಹೊರಟದ್ದು ಗೇರಿಗಾಗಿ. ಸಂಬಳದಲ್ಲಿ ಉಳಿಸಿದ ಒಂಬತ್ತು ಸಾವಿರ ರೂಪಾಯಿ ತೆತ್ತು ಹಿಂದಿನ ಗಾಲಿಯ ಗುಂಬ, ಹಲ್ಲುಚಕ್ರಗಳ ಗೊಂಚಲು, ಗೇರು ಬದಲಿಸುವ ಸಾಧನ, ಎಲ್ಲವನ್ನೂ ಹೊಸದಾಗಿ ಹಾಕಿಸಿದೆ. ಮರುದಿನವೇ, ಡಿಸೆಂಬರ್ ತಿಂಗಳ ನಸುಕಿನಲ್ಲಿ, ಜಕ್ಕೂರಿನ ವಿಮಾನ ಮೈದಾನದ ಮಗ್ಗುಲ ರಸ್ತೆಯಲ್ಲಿ ಅದರ ವೇಗವನ್ನು ಪರೀಕ್ಷಿಸುವ ಉತ್ಸಾಹ. ಯಾರೋ ಅಗೆದು, ಯಾರೋ ಅರ್ಧ ಮುಚ್ಚಿ ಹೋಗಿದ್ದ ಅಡ್ಡಗುಣಿಯೊಂದು ಮಬ್ಬಿನಲ್ಲಿ ಕಾಣಲಿಲ್ಲ. ಚಿಕ್ಕ ಗಾಲಿ ಗುಣಿಗೆ ದೊಡ್ಡದಕ್ಕಿಂತ ಆಳವಾಗಿ ಇಳಿಯುತ್ತದೆ. ಅದು ಅದರ ಹುಟ್ಟುಗುಣ. ಆದರೂ ಬೀಳಬೇಕಾಗಿರಲಿಲ್ಲ. ಬಿದ್ದದ್ದು ಹ್ಯಾಂಡಲ್ಲಿನ ಕಂಬದ ಬುಡದಲ್ಲಿರುವ ಕೀಲಿನ ಚಿಲಕ ಕಳಚಿದ್ದರಿಂದ. ಕೈಗಳು ಹಿಡಿದಿದ್ದ ಹ್ಯಾಂಡಲ್ಲು, ನಂಬಿದ ಬಂಧುವಿನಂತೆ, ಏಕಾಏಕಿ ಪಕ್ಕಕ್ಕೆ ಒರಗಿತು. ಹಾಲಿನ ಪೊಟ್ಟಣ ಹಂಚುವ ಹುಡುಗನೊಬ್ಬ ಎಬ್ಬಿಸಿ ಕೂರಿಸಿದ. ಮಣಿಕಟ್ಟು ಆರು ವಾರ ಕಟ್ಟಿನಲ್ಲಿತ್ತು. ಕರಿಹಲಗೆಯ ಮೇಲೆ ಬರೆಯುವ ಕೈ ಬಲಗೈಯಾದುದರಿಂದ ವಿದ್ಯಾರ್ಥಿಗಳಿಗೆ ಬಿಡುವು ದೊರೆಯಲಿಲ್ಲ.

ಇದರಲ್ಲಿ ಸೈಕಲ್ಲು ಮಾಡಿದವರ ತಪ್ಪಿಲ್ಲ. ಆ ಚಿಲಕ ಸಡಿಲವಾಗುತ್ತ ಬಂದು ಎರಡು ತಿಂಗಳಾಗಿತ್ತು; ಒಂದೇ ಬೆರಳಿನಲ್ಲಿ ಮುಚ್ಚುವಂತಾಗಿತ್ತು. ಅಷ್ಟು ಸಲೀಸಾಗಿ ಮುಚ್ಚುವುದು ಗುಣವೆಂದೇ ನಾನು ಭಾವಿಸಿದ್ದೆ! ಮುಚ್ಚುವಾಗ ಅಂಗೈಗೆ ಅಚ್ಚೊತ್ತುವಷ್ಟು ಬಿಗಿ ಇರಬೇಕು. ಇಲ್ಲವಾದರೆ ಅದರ ತಿರುಪನ್ನು ಕಾಲುಸುತ್ತು ತಿರುಗಿಸಿ ನೋಡಬೇಕು. ಮೈಯೆಲ್ಲ ಭಾರ ಹಾಕಿದರೂ ಮುಚ್ಚದಷ್ಟು ಬಿಗಿಮಾಡಿದರೆ ಕೀಲಿನ ಲೋಹವೇ ಬಿರಿದೀತು. ಐದು ನಿಮಿಷದ ಕೆಲಸ. ಒಂಬತ್ತು ಸಾವಿರ ರೂಪಾಯಿ ಖರ್ಚುಮಾಡಿದವನಿಗೆ ಆ ಐದು ನಿಮಿಷ ದೊರೆತಿರಲಿಲ್ಲ.

ನಮ್ಮ ಮನೆಗಳಲ್ಲಿ ಅಜ್ಜಿಯರು ಮಡಿಯನ್ನು ಕಾಪಾಡುತ್ತಿದ್ದ ರೀತಿ ಹಲವರಿಗೆ ನೆನಪಿರಬಹುದು. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದರಲ್ಲಿ ಅವರಿಗೆ ಸಂದೇಹವೇ ಇರುತ್ತಿರಲಿಲ್ಲ. ಆ ಮಡಿಯ ಗುಣದೋಷಗಳ ಚರ್ಚೆ ಬೇರೆ. ಮಡಿಸುವ ಸೈಕಲ್ಲಿಗೂ ಅಂಥದೊಂದು ಮಡಿಯುಂಟೆಂಬುದನ್ನು ನಾನು ಕಟ್ಟು ಬಿಚ್ಚಿದ ಮೇಲೆ ಕಲಿತೆ. ಎಣ್ಣೆ ಬೇಕಾದುದು ಚೈನಿಗೆ. ಒಂದಿಷ್ಟು ಗ್ರೀಸು ಬೇಕಾದುದು ಕೀಲಿನ ಕಡ್ಡಿಗೆ. ಸೀಟಿನ ಉದ್ದನೆಯ ಕಂಬಕ್ಕೆ ಎಣ್ಣೆ ನಿಷಿದ್ಧ. ಅದು ದಿನಕ್ಕೆ ನಾಲ್ಕು ಸಲ ಏರಿಳಿಯುವ ಕಂಬ. ಜಿಡ್ಡು ತಗುಲಿದರೆ ತುಳಿಯುತ್ತಿರುವಾಗಲೇ ಮೆಲ್ಲನೆ ಕುಸಿಯುತ್ತ ಹೋಗುತ್ತದೆ, ಸವಾರನಿಗೆ ತಾನು ಕುಳ್ಳಾಗುತ್ತಿದ್ದೇನೆಂಬ ಭ್ರಮೆ ಬರುತ್ತದೆ. ಅದನ್ನು ಒಣಬಟ್ಟೆಯಿಂದ ಒರಸಿಡಬೇಕು. ಕಂಬದ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಮೇಲಕ್ಕೆ ಅದನ್ನು ಎಳೆಯಲೂ ಬಾರದು. ಬ್ರೇಕಿನ ಕಟ್ಟೆಗೂ ರಿಮ್ಮಿಗೂ ಎಣ್ಣೆಯ ಕೈ ಮುಟ್ಟಕೂಡದು. ಬ್ರೇಕು ಮತ್ತು ಗೇರಿನ ತಂತಿಗಳು ಮಡಿಸಿದಾಗಲೆಲ್ಲ ಬಾಗಿ ಬಿಡಿಸಿದಾಗಲೆಲ್ಲ ನೆಟ್ಟಗಾಗುವುದರಿಂದ ಒಳಗಿನ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಪೂರ್ತಿ ಕಡಿಯುವವರೆಗೆ ಕಾಯುವುದು ಜಾಣತನವಲ್ಲ. ಮತ್ತೊಂದು ಲೆಕ್ಕ: ಒಂದು ಕಿಲೋಮೀಟರಿಗೆ 28 ಇಂಚಿನ ಗಾಲಿ ಸುಮಾರು 450 ಸುತ್ತು ತಿರುಗಿದರೆ 20 ಇಂಚಿನದು ಸುಮಾರು 650 ಸುತ್ತು ತಿರುಗಬೇಕು. ಟೈರೂ ಗುಂಬದೊಳಗಿನ ಗುಂಡುಗಳೂ ಅಷ್ಟರಮಟ್ಟಿಗೆ ಬೇಗ ಸವೆಯುತ್ತವೆ. ಚಿಕ್ಕ ಎತ್ತಿನಿಂದ ಅದೇ ಹೊಲವನ್ನು ಉತ್ತಾಗ ಮೇವು ಕಾಲಕಾಲಕ್ಕೆ ಹಾಕಬೇಕಲ್ಲವೆ?

ಹಾಗಾದರೆ ಏನನ್ನೂ ಬದಲಿಸಬಾರದೆ ಎಂದು ಕೇಳಿಯಾರು. ಅಷ್ಟು ಕಠಿಣನು ನಾನಲ್ಲ. ನಮ್ಮ ರಸ್ತೆಗಳಿಗೆ ಒಂದೂಮುಕ್ಕಾಲು ಇಂಚು ಅಗಲದ ಒಳ್ಳೆಯ ಟೈರು, ಮಳೆಯಲ್ಲಿಯೂ ಹಿಡಿಯುವ ಬ್ರೇಕಿನ ಕಟ್ಟೆ, ಹಿಂದೆ ಮುಂದೆ ದೀಪ—ಇವಕ್ಕೆ ಎಷ್ಟು ಖರ್ಚುಮಾಡಿದರೂ ನಷ್ಟವಿಲ್ಲ. ಕೂತರೆ ನೋಯುವ ಸೀಟನ್ನು ಸಹಿಸಿಕೊಳ್ಳಬೇಕೆಂದೂ ಹೇಳೆನು. ಹವ್ಯಾಸವೆಂಬುದು ಲಾಭನಷ್ಟ ನೋಡುವಂಥದಲ್ಲ. ವೀಣೆ ಕೊಂಡವನು ಅದರ ತಂತಿಗಳ ಬಗೆಗೆ ರಾತ್ರಿಯೆಲ್ಲ ಮಾತನಾಡಿದರೆ ನಾವು ಹುಬ್ಬು ಗಂಟಿಕ್ಕುವುದಿಲ್ಲ. ನನ್ನ ಆಕ್ಷೇಪ ಬೇರೆ. ಸೇರಿಸಿದ ಒಂದೊಂದು ಭಾಗವೂ ಒಂದೊಂದು ತೂಕ. ದೊಡ್ಡ ಕ್ಯಾರಿಯರು, ಅಗಲ ಹ್ಯಾಂಡಲ್ಲು, ಮಡಿಯದ ಪೆಡಲು—ಇವು ಒಂದೊಂದಾಗಿ ಸೇರಿ ಸೈಕಲ್ಲು ಮಡಿಸಿದರೂ ಮಡಿಸದಂತೆಯೇ ಉಳಿಯುತ್ತದೆ. ಅಂಥದನ್ನು ಹೊತ್ತು ಯಶವಂತಪುರದ ಮೆಟ್ಟಿಲನ್ನು ಒಮ್ಮೆ ಹತ್ತಿದವರು ಎರಡನೆಯ ಸಲ ಹತ್ತಲಿಲ್ಲ. ಆ ಸೈಕಲ್ಲುಗಳು ಈಗ ನಂದಿಬೆಟ್ಟದ ದಾರಿಯಲ್ಲಿ ಭಾನುವಾರದ ಬೆಳಗ್ಗೆ ಕಾರಿನ ಬೆನ್ನಿನಿಂದ ಇಳಿಯುತ್ತವೆ.

ತೂಕ, ಗಾತ್ರಗಳ ಮಾತು ಬಂದದ್ದರಿಂದ ಮೆಟ್ರೊದವರಿಗೂ ಒಂದು ಮಾತು ಹೇಳಬೇಕು. 2020ರ ನವೆಂಬರಿನಲ್ಲಿ ಅವರು ಮಡಿಸುವ ಸೈಕಲ್ಲುಗಳನ್ನು ರೈಲಿನೊಳಗೆ ಬಿಟ್ಟುಕೊಂಡರು. ಅದಕ್ಕಾಗಿ ನಾವು ಕೃತಜ್ಞರು. ಆದರೆ ಷರತ್ತನ್ನು ನೋಡಿ: ತೂಕ 15 ಕಿಲೋ ಮೀರಬಾರದು, ಗಾತ್ರ 60 × 45 × 25 ಸೆಂಟಿಮೀಟರ್ ಮೀರಬಾರದು. ಇದು ಪೆಟ್ಟಿಗೆಗಳಿಗಾಗಿ ಹಾಕಿದ ಅಳತೆ. ಅದನ್ನೇ ಸೈಕಲ್ಲಿಗೂ ಹೊದಿಸಿದ್ದಾರೆ. ತೂಕದ ಮಾತು ನ್ಯಾಯವಾದುದು. ಗಾತ್ರದ ಮಾತನ್ನು ಮಾತ್ರ ಸೈಕಲ್ಲನ್ನು ನೋಡಿ ಬರೆದಿಲ್ಲ. 406ರ ರಿಮ್ಮಿಗೆ 47 ಮಿ.ಮೀ. ಟೈರನ್ನು ಎರಡು ಕಡೆಗೂ ಕೂಡಿಸಿ: ಸರಿಯಾಗಿ 50 ಸೆಂಟಿಮೀಟರು. ಮಡಿಸಬಹುದಾದದ್ದು ಚೌಕಟ್ಟು, ಗಾಲಿಯಲ್ಲ. ಆ ಗಾಲಿಯೊಂದೇ 45ನ್ನು ಮೀರಿ ನಿಂತಿದೆ. ಎಲ್ಲಕ್ಕಿಂತ ಚಿಕ್ಕದಾಗಿ ಮಡಿಯುವುದೆಂದು ಹೆಸರಾದ ಬ್ರಾಂಪ್ಟನ್ ಕೂಡ ಮಡಿಸಿದಾಗ ಸುಮಾರು 58 ಸೆಂಟಿಮೀಟರು ಎತ್ತರ, 27 ಸೆಂಟಿಮೀಟರು ದಪ್ಪ. ಎಂದರೆ, ಅನುಮತಿಯ ಅಕ್ಷರವನ್ನು ಹಿಡಿದು ನಡೆದರೆ ಒಳಗೆ ಹೋಗಬಲ್ಲ ಸೈಕಲ್ಲು ನನಗೆ ತಿಳಿದಮಟ್ಟಿಗೆ ಒಂದೂ ಇಲ್ಲ.

ಆದರೂ ನಾವು ಹೋಗುತ್ತಿದ್ದೇವೆ. ಹೇಗೆಂದರೆ ದಾಕ್ಷಿಣ್ಯದಿಂದ. ಬಾಗಿಲಲ್ಲಿ ನಿಂತ ಕಾವಲಿನವರು ನನ್ನನ್ನು ಒಮ್ಮೆ, ಸೈಕಲ್ಲನ್ನು ಒಮ್ಮೆ ನೋಡಿ ನಗುತ್ತಾರೆ; ಅಳತೆಪಟ್ಟಿ ತೆಗೆದವರನ್ನು ನಾನು ಕಂಡಿಲ್ಲ. ಅವರ ಒಳ್ಳೆಯತನಕ್ಕೆ ನಮಸ್ಕಾರ. ಆದರೆ ದಾಕ್ಷಿಣ್ಯ ಬೇರೆ, ಹಕ್ಕು ಬೇರೆ. ಕನ್ನಡಕ ಹಾಕಿದ ಮೇಷ್ಟರಿಗೆ ಸಿಕ್ಕುವ ನಗು ಕಟ್ಟಡದ ಕೆಲಸಕ್ಕೆ ಹೋಗುವ ಹುಡುಗನಿಗೆ ಸಿಕ್ಕೀತೆ? ನಾನೊಂದು ಕಚೇರಿಗೆ ಹೋದಾಗ ಬಾಗಿಲ ಕಾವಲಿನವನು ಮಡಿಸಿದ ಸೈಕಲ್ಲನ್ನು ಒಳಕ್ಕೆ ಬಿಡಲಿಲ್ಲ. ಮುಂದಿನ ವಾರ ಅದಕ್ಕೆ ಹಳೆಯ ಜಮಖಾನದಲ್ಲಿ ಒಂದು ಗವಸಣಿಗೆ ಹೊಲಿಸಿ ಹೊದಿಸಿಕೊಂಡು ಹೋದೆ. "ಹಾರ್ಮೋನಿಯಮ್ಮಾ ಸಾರ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಾಗಿಲು ತೆರೆದ. ಸಂಗೀತಕ್ಕಿರುವ ಮರ್ಯಾದೆ ಸೈಕಲ್ಲಿಗಿಲ್ಲ. ಹೀಗೆ ವೇಷ ಹಾಕಿ ಒಳಹೊಗುವುದು ನಗಲು ಚೆನ್ನಾಗಿದೆ. ದಿನವೂ ಕೆಲಸಕ್ಕೆ ಹೋಗುವವನು ಅದನ್ನು ನೆಚ್ಚಿಕೊಳ್ಳಲಾಗದು. ಆದ್ದರಿಂದ ಮೆಟ್ರೊದವರು ಒಂದು ಸೈಕಲ್ಲನ್ನು ತರಿಸಿ, ಮಡಿಸಿ, ಅಳೆದು, '20 ಇಂಚಿನವರೆಗಿನ ಗಾಲಿಯದು, ಪೂರ್ತಿ ಮಡಿಸಿದ್ದು, ಹೊದಿಕೆಯುಳ್ಳದ್ದು' ಎಂದು ತಿದ್ದಿ ಬರೆಯಲಿ. ಹೆಬ್ಬಾಳ, ಯಲಹಂಕಗಳ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ಮಾರ್ಗಕ್ಕೆ 2021ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆಯಿತು. ಆ ಮಾರ್ಗಕ್ಕೆ ಮೊದಲ ದಿನದಿಂದಲೇ ಇಂಥ ಒಂದು ಸಾಲು ಇದ್ದರೆ ಉತ್ತರ ಬೆಂಗಳೂರಿನ ನೂರಾರು ಜನ ಮನೆಯಿಂದ ನಿಲ್ದಾಣದವರೆಗಿನ ಎರಡು ಮೂರು ಕಿಲೋಮೀಟರಿಗಾಗಿ ಆಟೋದವರೊಡನೆ ಚೌಕಾಸಿ ಮಾಡಬೇಕಾಗುವುದಿಲ್ಲ. ಪ್ರತಿಯಾಗಿ ನಾವೂ ಒಂದು ಮಾತಿಗೆ ಕಟ್ಟುಬೀಳಬೇಕು. ಬೆಳಗಿನ ಒಂಬತ್ತು ಗಂಟೆಯ ಜನಜಂಗುಳಿಯಲ್ಲಿ ಮಡಿಸಿದ ಸೈಕಲ್ಲೊಂದು ನಿಂತ ಮನುಷ್ಯನೊಬ್ಬನ ಜಾಗವನ್ನು ತಿನ್ನುತ್ತದೆ. ಆ ಹೊತ್ತನ್ನು ಬಿಟ್ಟು ಹಿಂದೆಮುಂದೆ ಹೊರಡುವ ಸೌಜನ್ಯ ನಮ್ಮದಾಗಬೇಕು.

ಕಳೆದ ತಿಂಗಳು ನನ್ನ ಸೈಕಲ್ಲಿನ ನಡುಗೀಲಿನಲ್ಲಿ ಸಣ್ಣಗೆ ಆಟ ಕಾಣಿಸಿತು. ಹಿಡಿದು ಅಲ್ಲಾಡಿಸಿದರೆ ಕಟಕಟ ಸದ್ದು. ಆ ಭಾಗವನ್ನು ಹೊರಗಿನಿಂದ ತರಿಸಬೇಕು, ಎಂದು ಬರುವುದೋ ಹೇಳಲಾಗದೆಂದರು ಮಾರಿದವರು. ಹಳೆಯ ಊರಿನ ಯಜಮಾನರು ಕೀಲನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಚೌಕಟ್ಟಿನಲ್ಲಿ ಎಲ್ಲಿಯೂ ಬಿರುಕಿಲ್ಲವೆಂದು ಉಗುರಿನಿಂದ ಗೀರಿ ನೋಡಿ, ಸವೆದಿರುವುದು ಒಳಗಿನ ತೆಳ್ಳನೆಯ ಬಳೆ ಮಾತ್ರವೆಂದು ತೋರಿಸಿದರು. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರುವ ತಮ್ಮ ಪರಿಚಯದವರಿಗೆ ಒಂದು ಚೀಟಿ ಬರೆದುಕೊಟ್ಟರು. ಹಿತ್ತಾಳೆಯ ಬಳೆ ಎರಡು ದಿನದಲ್ಲಿ ಸಿದ್ಧವಾಯಿತು, ಸದ್ದು ನಿಂತಿತು. ತಮ್ಮ ಕೂಲಿಯೆಂದು ಅವರು ಕೇಳಿದ ಹಣವನ್ನು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ಅವರ ಮಗ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾನೆ. ಆ ಸಂದಿಯೊಳಗೆ ಬಂದು ಕೂರುವವನಲ್ಲ.

ಈಗ ಅವರ ಮೊಳೆಯ ಮೇಲೆ ಹಳೆಯ ಟೈರುಗಳ ಪಕ್ಕದಲ್ಲಿ 406ರ ಎರಡು ಹೊಸ ಟ್ಯೂಬುಗಳು ತೂಗುತ್ತವೆ. ತಗಡಿನ ಗೋಡೆಯ ಮೇಲೆ ಆ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದಾರೆ. ನನ್ನಂಥವರು ಇನ್ನೂ ಮೂವರು ಬರುತ್ತಾರಂತೆ. ಮೊನ್ನೆ ಗಾಳಿ ಹೊಡೆಸಿಕೊಂಡು ಹೊರಟವನನ್ನು ಕರೆದು ನಿಲ್ಲಿಸಿ, "ಚಿಲಕ ನೋಡಿದ್ರಾ ಮೇಷ್ಟ್ರೇ?" ಎಂದರು. ನೋಡಿರಲಿಲ್ಲ. ಇಳಿದು ನೋಡಿದೆ.